ಮಾತಾಡುವ ಅಲೆಗೆ ಕಣ್ಣು ಮೂಡಿದಾಗ

ನಾಲ್ಕು ಅಂಕಿ ಬರೆದುಕೊಳ್ಳಿ: 1, 1, 1, −1. ಅದರ ಕೆಳಗೆ ಇನ್ನು ನಾಲ್ಕು: 1, 1, −1, 1. ಪ್ರತಿ ಸಾಲನ್ನೂ ಅದರದೇ ನಕಲಿನ ಮೇಲಿಟ್ಟು, ಒಂದೊಂದೇ ಮನೆ ಸರಿಸುತ್ತಾ, ಎದುರುಬದುರಾದ ಅಂಕಿಗಳನ್ನು ಗುಣಿಸಿ ಕೂಡಿ. ಮೊದಲ ಸಾಲು ಕೊಡುವುದು 1, 0, −1. ಎರಡನೆಯದು −1, 0, 1. ಎರಡನ್ನೂ ಸೇರಿಸಿದರೆ ಏನೂ ಉಳಿಯುವುದಿಲ್ಲ! ಸರಿಸದೆ ಇಟ್ಟಾಗ ಮಾತ್ರ 8. ಆ 8ರ ಅಕ್ಕಪಕ್ಕ ಒಂದು ಚೂರೂ ಕಸವಿಲ್ಲ.

ರೇಡಾರ್ ಹಂಬಲಿಸುವುದು ಇದಕ್ಕೇ. ಮರಳಿ ಬಂದ ಪ್ರತಿಧ್ವನಿಯನ್ನು ಮೂಲದ ಮೇಲೆ ಹೀಗೇ ಸರಿಸಿ ನೋಡಿದಾಗ, ಎರಡೂ ಹೊಂದಿಕೊಂಡ ಜಾಗವೇ ವಸ್ತುವಿನ ದೂರ. ಸುತ್ತ ಹುಸಿ ಶಿಖರಗಳೆದ್ದರೆ ಲಾರಿಯ ಹಿಂದಿರುವ ಸೈಕಲ್ ಸವಾರ ಅವುಗಳಲ್ಲೇ ಮುಚ್ಚಿಹೋಗುತ್ತಾನೆ.

ಈ ಜೋಡಿಗಳನ್ನು 1950ರ ಆಸುಪಾಸಿನಲ್ಲಿ ಕಂಡವರು ಮಾರ್ಸೆಲ್ ಗೊಲೆ. ಅವರ ಮುಂದಿದ್ದದ್ದು ರೇಡಾರ್ ಅಲ್ಲ, ಇನ್‌ಫ್ರಾರೆಡ್ ಬೆಳಕನ್ನು ಅಳೆಯುವ ಉಪಕರಣದ ಸೀಳುಗಳು! 2012ರಲ್ಲಿ 60 ಗಿಗಾಹರ್ಟ್ಸ್‌ನ ವೈಫೈ, 802.11ಎಡಿ, ರೂಪುಗೊಂಡಾಗ ಪ್ರತಿ ಪ್ಯಾಕೆಟ್ಟಿನ ಪೀಠಿಕೆಯಲ್ಲೂ ಇವು ಸೇರಿದವು, ಸಂದೇಶ ಸರಿಯಾಗಿ ತಲುಪಲೆಂದು. 2015ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಪ್ರೀತಿ ಕುಮಾರಿ, ರಾಬರ್ಟ್ ಹೀತ್ ಮತ್ತು ಸಂಗಡಿಗರು ಆ ಪೀಠಿಕೆಯನ್ನೇ ಕಾರಿನ ರೇಡಾರ್ ಮಾಡಬಹುದೆಂದು ತೋರಿಸಿದರು. ಎದುರಿನ ಕಾರಿಗೆ ಕಳಿಸಿದ ಮಾತು ಅದರ ಮೈಗೆ ತಾಗಿ ಹಿಂದಿರುಗಿ, ಅದು ಎಲ್ಲಿದೆಯೆಂದು ಹೇಳುತ್ತದೆ! ಸಂಕೇತದ ಅಗಲ 1.76 ಗಿಗಾಹರ್ಟ್ಸ್, ಬೆಳಕಿನ ವೇಗವನ್ನು ಅದರ ಇಮ್ಮಡಿಯಿಂದ ಭಾಗಿಸಿದರೆ ಸುಮಾರು 8.5 ಸೆಂಟಿಮೀಟರ್. ಅಷ್ಟೇ ಅಂತರದ ಎರಡು ವಸ್ತುಗಳೂ ಬೇರೆಬೇರೆಯಾಗಿ ಕಾಣುತ್ತವೆ.

ಆದರೆ ವಾಹನ ಓಡುತ್ತಿರುತ್ತದಲ್ಲ! ಜೋಡಿಯ ಎರಡನೆಯ ಸಾಲು ಹೊರಡುವಷ್ಟರಲ್ಲಿ ವಸ್ತು ಸರಿದಿರುತ್ತದೆ. ಡಾಪ್ಲರ್ ಪರಿಣಾಮದಿಂದ ಕಸ ಪೂರ್ತಿ ಅಳಿಯುವುದಿಲ್ಲ. 2008ರಲ್ಲಿ ಪೆಜೆಷ್ಕಿ, ಕಾಲ್ಡರ್‌ಬ್ಯಾಂಕ್, ಮೋರನ್, ಹೊವಾರ್ಡ್ ಕೊಟ್ಟ ಉಪಾಯವನ್ನು ಎಷ್ಟು ಸಲ ಓದಿದರೂ ನನಗೆ ರೋಮಾಂಚನ. ಮೊದಲ ಸಾಲನ್ನು ಅ, ಎರಡನೆಯದನ್ನು ಬ ಎನ್ನಿ. ಅವನ್ನು ಅ ಬ ಅ ಬ ಎಂದು ಕಳಿಸಬೇಡಿ. ಅ ಬ ಬ ಅ ಬ ಅ ಅ ಬ ಎಂದು ಕಳಿಸಿ. ಸೊನ್ನೆಯಿಂದ ಎಣಿಸಿದರೆ ಅ ಬರುವ ಸ್ಥಾನಗಳು 0, 3, 5, 6. ಬ ಬರುವವು 1, 2, 4, 7. ಎರಡರ ಮೊತ್ತವೂ 14. ವರ್ಗ ಮಾಡಿ ಕೂಡಿ: ಎರಡೂ 70! ಈ ಸಮತೂಕವೇ ಚಲನೆ ತಂದ ದೋಷವನ್ನು ಒಂದೊಂದೇ ಪದರವಾಗಿ ಅಳಿಸಿಹಾಕುತ್ತದೆ. ಫ್ರಾನ್ಸಿನ ಗಣಿತಜ್ಞ ಪ್ರೂಎ ಇಂಥ ಸಮತೂಕವನ್ನು ಗುರುತಿಸಿದ್ದು 1851ರಲ್ಲಿ, ರೇಡಿಯೊ ಅಲೆಗಳೇ ಇನ್ನೂ ಪತ್ತೆಯಾಗದಿದ್ದ ಕಾಲದಲ್ಲಿ. ಸರದಿಯನ್ನು 16ಕ್ಕೆ ಬೆಳೆಸಿ: ಘನಗಳ ಮೊತ್ತವೂ ಸರಿಸಮ, ಇನ್ನೂ ಒಂದು ಪದರ ಮಾಯ!