ತೊಗಟೆಯ ಮೇಲೊಂದು ಹಸಿರು ಶ್ವಾಸಕೋಶ

ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವು ಎಲೆಯೂ ಅಲ್ಲ, ಹೂವೂ ಅಲ್ಲ. ಅದು ಲೈಕೆನ್, ಶಿಲೀಂಧ್ರ ಮತ್ತು ಪಾಚಿ ಕೂಡಿ ನಡೆಸುವ ಸಂಸಾರ. ಶಿಲೀಂಧ್ರ ಮನೆ ಕಟ್ಟುತ್ತದೆ, ಪಾಚಿ ಬಿಸಿಲಿನ ನೆರವಿನಿಂದ ಆಹಾರ ತಯಾರಿಸುತ್ತದೆ.

ಇದೇ ಬಳಗದ ದೊಡ್ಡ ಲೈಕೆನ್ ಒಂದು ಯುರೋಪಿನ ಹಳೆಯ ಕಾಡುಗಳಲ್ಲಿ ಓಕ್, ಆಶ್, ಬೀಚ್, ಮೇಪಲ್ ಮರಗಳ ತೊಗಟೆಯ ಮೇಲೆ ಬೆಳೆಯುತ್ತದೆ. ಹೆಸರು ಲೋಬೇರಿಯಾ ಪಲ್ಮೊನೇರಿಯಾ. ನೋಡಲು ಶ್ವಾಸಕೋಶದಂತಿರುವುದರಿಂದ ಹಿಂದಿನವರು ಇದನ್ನು ಶ್ವಾಸಕೋಶದ ಕಾಯಿಲೆಗೆ ಔಷಧಿಯೆಂದು ನಂಬಿದ್ದರು. ಇಂದು ಹಲವು ದೇಶಗಳಲ್ಲಿ ಇದು ಅಪರೂಪ.

ಗುರುತಿಸುವುದು ಹೇಗೆ?

ಬಣ್ಣವನ್ನಷ್ಟೇ ನಂಬಿದರೆ ಮೋಸ ಹೋಗುತ್ತೀರಿ. ಮಳೆಯಲ್ಲಿ ನೆನೆದಾಗ ಹೊಳೆಯುವ ಹಸಿರಾಗಿರುವ ಇದು ಒಣಗಿದಾಗ ಕಂದು ಬಣ್ಣಕ್ಕೆ ತಿರುಗಿ ಕಾಗದದಂತಾಗುತ್ತದೆ. ಆದ್ದರಿಂದ ಆಕಾರವನ್ನು ನೋಡಬೇಕು. ಮೇಲ್ಮೈಯಲ್ಲಿ ಬಲೆಯಂತೆ ಹೆಣೆದುಕೊಂಡ ಏಣುಗಳು, ಅವುಗಳ ನಡುವೆ ಗುಳಿಗಳು. ಅಡಿಭಾಗದಲ್ಲಿ ಮೇಲಿನ ಗುಳಿಗಳಿರುವಲ್ಲಿ ಬೋಳಾದ ಬಿಳಿಚು ಉಬ್ಬುಗಳು, ಅವುಗಳ ಸುತ್ತ ಕಂದು ನವಿರು. ಭೂತಗನ್ನಡಿ ಹಿಡಿದರೆ ಏಣು ಮತ್ತು ಅಂಚುಗಳ ಮೇಲೆ ಪುಡಿಯಂಥ ಕಣಗಳು ಕಾಣುತ್ತವೆ. ಇವು ಉದುರಿ ಹೊಸ ಲೈಕೆನ್‌ಗಳಾಗುತ್ತವೆ.

ಇದರ ಹತ್ತಿರದ ನೆಂಟ ಲೋಬೇರಿಯಾ ವೈರೆನ್ಸ್ ಕೂಡ ನೆನೆದಾಗ ಹಸಿರೇ. ಆದರೆ ಅದರ ಮೈ ನುಣುಪು. ಏಣು, ಗುಳಿಗಳ ಬಲೆ ಇಲ್ಲ. ಅನುಮಾನ ಉಳಿದರೆ ತಜ್ಞರು ಒಳಪದರಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಹಾಕುತ್ತಾರೆ. ಪಲ್ಮೊನೇರಿಯಾ ಆಗಿದ್ದರೆ ಮೊದಲು ಹಳದಿ, ಬಳಿಕ ಕೆಂಪು ಛಾಯೆ ಬರುತ್ತದೆ. ಲೈಕೆನ್‌ಗಳನ್ನು ರಾಸಾಯನಿಕಗಳಿಂದ ಗುರುತಿಸುವ ಈ ವಿಧಾನವನ್ನು 1866ರಲ್ಲಿ ಬಳಕೆಗೆ ತಂದವರು ಫಿನ್ಲೆಂಡಿನ ವಿಜ್ಞಾನಿ ವಿಲಿಯಂ ನೈಲಾಂಡರ್.

ಹೆಸರು ಸರಿಯಾಗಿರಬೇಕೇಕೆ?

ಲೈಕೆನ್‌ಗೆ ಬೇರಿಲ್ಲ. ನೀರು, ಪೋಷಕಾಂಶಗಳೆಲ್ಲ ಮಳೆ ಮತ್ತು ಗಾಳಿಯಿಂದಲೇ ಬರಬೇಕು. ಅವುಗಳ ಜೊತೆಗೆ ವಿಷವೂ ಬರುತ್ತದೆ. ಕಲ್ಲಿದ್ದಲ ಹೊಗೆಯ ಗಂಧಕದ ಡೈಆಕ್ಸೈಡ್ ಯುರೋಪಿನ ಎಷ್ಟೋ ಕಡೆ ಪಲ್ಮೊನೇರಿಯಾವನ್ನು ಅಳಿಸಿಹಾಕಿತು. ಮರ ಕಡಿದದ್ದೂ ಅಷ್ಟೇ ಕಾರಣ. ಇದು ನಿಧಾನವಾಗಿ ಬೆಳೆಯುತ್ತದೆ, ಉದುರಿದ ಕಣಗಳು ಹೆಚ್ಚು ದೂರ ಹೋಗುವುದಿಲ್ಲ. ಒಮ್ಮೆ ಬೋಳಾದ ಕಾಡಿಗೆ ಮರಳಿ ಬರಲು ತಲೆಮಾರುಗಳೇ ಬೇಕು.

ಹಾಗಾಗಿ ಪಲ್ಮೊನೇರಿಯಾ ಇದೆಯೆಂದರೆ ಗಾಳಿ ಶುದ್ಧವಾಗಿದೆ, ಕಾಡು ಬಹುಕಾಲ ಉಳಿದುಬಂದಿದೆ ಎಂದು ತಿಳಿಯಬಹುದು. ಸ್ವೀಡನ್‌ನಲ್ಲಿ ಸಂರಕ್ಷಣೆಗೆ ಯೋಗ್ಯವಾದ ಕಾಡುಗಳನ್ನು ಹುಡುಕಲು ಬಳಸುವ ಸೂಚಕ ಜೀವಿಗಳಲ್ಲಿ ಇದೂ ಒಂದು. ತಪ್ಪಾಗಿ ಗುರುತಿಸಿದರೆ ಉಳಿಸಬೇಕಾದ ಕಾಡು ಗಮನಕ್ಕೆ ಬಾರದೆ ಹೋಗಬಹುದು. ಇದರ ನಡುವೆ, 1992ರಲ್ಲಿ ಪೋಲೆಂಡಿನಲ್ಲಿ ವರದಿಯಾಗಿ ಆನಂತರ ಯುರೋಪಿನಾದ್ಯಂತ ಹರಡಿದ ಶಿಲೀಂಧ್ರ ರೋಗ ಆಶ್ ಮರಗಳನ್ನು ಕೊಲ್ಲುತ್ತಿದೆ. ಮರ ಸತ್ತರೆ ಅದರ ಮೇಲಿನ ಲೈಕೆನ್‌ಗೂ ನೆಲೆ ತಪ್ಪುತ್ತದೆ.

ನಮ್ಮ ಮಾವು, ಹಲಸಿನ ತೊಗಟೆಗಳ ಮೇಲೂ ಬಗೆಬಗೆಯ ಲೈಕೆನ್‌ಗಳಿವೆ. ಮಕ್ಕಳು ಅವುಗಳ ಚಿತ್ರ ಬರೆದುಕೊಳ್ಳಲಿ, ಒಣಗಿದಾಗ ಮತ್ತು ನೆನೆದಾಗ ಬಣ್ಣ ಹೇಗೆ ಬದಲಾಗುತ್ತದೆಂದು ನೋಡಲಿ. ಕಿತ್ತು ಮನೆಗೆ ತರುವುದು ಮಾತ್ರ ಬೇಡ. ಅಂಗೈಯಗಲದ ಲೈಕೆನ್‌ಗೆ ನೋಡುವವರಿಗಿಂತ ಹೆಚ್ಚು ವಯಸ್ಸಾಗಿರಬಹುದು.