ಒಂದು ಮೋಟಾರ್ ಸೈಕಲ್ಲಿನ ಜೀರ್ಣೋದ್ಧಾರ

ದೇವಾಲಯದ ಬಿಂಬವು ಶಿಥಿಲವಾದಾಗ ಆಗಮಜ್ಞರು ಮಾಡುವ ವಿಧಿಯನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಮೊದಲು ಬಿಂಬದಲ್ಲಿರುವ ಕಲೆಯನ್ನು ಜಲಪೂರ್ಣವಾದ ಕುಂಭಕ್ಕೆ ಆಕರ್ಷಿಸುವರು. ದುರಸ್ತಿಯ ಕಾರ್ಯವು ಮುಗಿಯುವವರೆಗೆ ಆ ಕುಂಭಕ್ಕೇ ಪೂಜೆಯು ಸಲ್ಲುವುದು. ಅನಂತರ ಅದನ್ನು ಪುನಃ ಬಿಂಬಕ್ಕೆ ಸೇರಿಸುವರು. ಶಿಲೆಯು ಹೊಸದಾದರೂ ದೇವರು ಹಳೆಯವನೇ ಎಂಬ ನಂಬಿಕೆಯು ಈ ವಿಧಿಯಿಂದಲೇ ನಿಲ್ಲುವುದು. ಇಂತಹ ಗಂಭೀರವಾದ ವಿಷಯವು ಒಂದು ಮೋಟಾರ್ ಸೈಕಲ್ಲಿನ ಪ್ರಸಂಗದಲ್ಲಿ ನನ್ನ ನೆನಪಿಗೆ ಬಂದಿತೆಂದರೆ ಕೆಲವರು ನಗಬಹುದು. ನಗಲಿ, ಆದರೆ ಕೊನೆಯವರೆಗೆ ಓದಿ ನಗಲಿ.

ನನ್ನ ತಂಗಿಯ ಮಗನು ಐದು ವರ್ಷಗಳಿಂದ ಇಟಲಿಯ ಮಿಲಾನ್ ನಗರದಲ್ಲಿ ಇಂಜಿನಿಯರನಾಗಿರುವನು. ತಾನು ಕೂಡಿಟ್ಟ ಹಣದಿಂದ ‘ಮೋಟೋ ಗುಟ್ಸಿ ವಿ-7’ ಎಂಬ ವಾಹನವನ್ನು ಕೊಳ್ಳಬೇಕೆಂದು ಅವನ ಆಸೆ. ತಾಯಿಗೆ ಇದು ಸಮ್ಮತವಿಲ್ಲ. “ಅಣ್ಣಾ, ಹಳೆಯ ಕಾಲದ ಗಾಡಿಯಂತೆ ಕಾಣುವುದಕ್ಕೆ ಹೊಸ ಗಾಡಿಯ ಬೆಲೆ ಕೊಡುವುದು ಯಾವ ಬುದ್ಧಿ? ನೀನಾದರೂ ಹೇಳು” ಎಂದು ಅವಳು ನನ್ನಲ್ಲಿ ದೂರಿದಳು. “ಮಾವ, ಎರಡು ಪಕ್ಷವನ್ನೂ ಕೇಳಿ ನೀವೇ ತೀರ್ಪು ಕೊಡಿ” ಎಂದು ಅವನು ಬರೆದನು. ಆದುದರಿಂದ ಈ ವಿಚಾರವನ್ನು ವ್ಯಾಸಂಗ ಮಾಡಬೇಕಾಯಿತು.

ಮಿಲಾನಿಗೆ ಉತ್ತರದಲ್ಲಿ ಕೋಮೋ ಸರೋವರದ ದಡದಮೇಲೆ, ಬೆಟ್ಟಗಳ ಬುಡದಲ್ಲಿ, ಮಾಂಡೆಲ್ಲೊ ಡೆಲ್ ಲಾರಿಯೊ ಎಂಬ ಚಿಕ್ಕ ಊರಿರುವುದು. ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯ ನೌಕಾಪಡೆಯ ವಿಮಾನದಳದಲ್ಲಿದ್ದ ಮೂವರು ಮಿತ್ರರು, ಯುದ್ಧವು ಮುಗಿದೊಡನೆ ಮೋಟಾರ್ ಸೈಕಲ್ಲುಗಳನ್ನು ತಯಾರಿಸಬೇಕೆಂದು ನಿಶ್ಚಯಿಸಿದ್ದರು. ಕಾರ್ಲೊ ಗುಟ್ಸಿ ಯಂತ್ರವನ್ನು ರಚಿಸುವವನು, ಜಾರ್ಜಿಯೊ ಪರೋಡಿ ಧನವನ್ನು ಒದಗಿಸುವವನು, ಜಿಯೊವಾನ್ನಿ ರವೆಲ್ಲಿ ಪಂದ್ಯಗಳಲ್ಲಿ ಓಡಿಸುವವನು. ಆದರೆ ವಿಧಿಯು ಬೇರೆಯಾಗಿತ್ತು. 1919ರಲ್ಲಿ ರವೆಲ್ಲಿಯು ವಿಮಾನದ ಅಪಘಾತದಲ್ಲಿ ಮೃತನಾದನು. ಉಳಿದಿಬ್ಬರು 1921ರ ಮಾರ್ಚಿ 15ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿ, ಅಗಲಿದ ಮಿತ್ರನ ಸ್ಮರಣಾರ್ಥವಾಗಿ ರೆಕ್ಕೆ ಬಿಚ್ಚಿದ ಗರುಡಪಕ್ಷಿಯನ್ನು ಲಾಂಛನವಾಗಿ ಇಟ್ಟುಕೊಂಡರು. ಇಂದಿಗೂ ಪ್ರತಿಯೊಂದು ವಾಹನದ ಪೆಟ್ರೋಲ್ ಟ್ಯಾಂಕಿನಮೇಲೆ ಆ ಪಕ್ಷಿಯಿರುವುದು.

ಬಹುಕಾಲ ಈ ಸಂಸ್ಥೆಗೆ ಕೀರ್ತಿಯನ್ನು ತಂದುದು ಅಡ್ಡವಾಗಿ ಮಲಗಿಸಿದ ಒಂದೇ ಸಿಲಿಂಡರಿನ ಯಂತ್ರ. ಕಾರ್ಲೊ ಗುಟ್ಸಿಯು 1964ರಲ್ಲಿ ತೀರಿಕೊಂಡನು. ಆ ವೇಳೆಗೆ ಅಗ್ಗದ ಕಾರುಗಳು ಬಂದು ಮೋಟಾರ್ ಸೈಕಲ್ಲಿನ ವ್ಯಾಪಾರವು ಕುಗ್ಗಿ, ಸಂಸ್ಥೆಯು ಕಷ್ಟಕ್ಕೆ ಸಿಲುಕಿತ್ತು. ಆಗ ಅದರ ಕೈಹಿಡಿದುದು ಜ್ಯೂಲಿಯೊ ಚೆಸಾರೆ ಕಾರ್ಕಾನೊ ಎಂಬ ಇಂಜಿನಿಯರನು ರಚಿಸಿದ ಹೊಸ ಯಂತ್ರ. 1967ರಲ್ಲಿ ಮಾರಾಟಕ್ಕೆ ಬಂದ ಆ ವಾಹನವೇ ಮೊದಲನೆಯ ವಿ-7. ಅದರ ಯಂತ್ರದ ಗಾತ್ರವು 703 ಘನ ಸೆಂಟಿಮೀಟರು. ಎರಡು ಸಿಲಿಂಡರುಗಳು 90 ಡಿಗ್ರಿಯ ಕೋನದಲ್ಲಿ, ಬೊಗಸೆಯ ಎರಡು ಕೈಗಳಂತೆ, ಎಡಕ್ಕೂ ಬಲಕ್ಕೂ ಚಾಚಿಕೊಂಡಿರುವುವು. ಎರಡಕ್ಕೂ ಗಾಳಿಯು ಸಮನಾಗಿ ತಗಲುವುದರಿಂದ ತಂಪಾಗುವುದು ಸುಲಭ. ಹಿಂದಿನ ಚಕ್ರಕ್ಕೆ ಶಕ್ತಿಯು ಹೋಗುವುದು ಚೈನಿನಿಂದಲ್ಲ, ಮುಚ್ಚಿದ ಕೊಳವೆಯೊಳಗೆ ತಿರುಗುವ ಉಕ್ಕಿನ ದಂಡದಿಂದ. ಈ ವಾಹನವನ್ನು ಇಟಲಿಯ ಪೊಲೀಸರು ಮಾತ್ರವಲ್ಲದೆ ಅಮೆರಿಕದ ಲಾಸ್ ಏಂಜಲೀಸ್ ನಗರದ ಪೊಲೀಸರೂ ಉಪಯೋಗಿಸಿದರು.

ಅಲ್ಲಿಂದ ಮುಂದೆ ಸಂಸ್ಥೆಯು ಹಲವು ಒಡೆಯರನ್ನು ಕಂಡಿತು. ವಿ-7 ಎಂಬ ಹೆಸರೂ ಮರೆಯಾಯಿತು. 2004ರ ಕೊನೆಯಲ್ಲಿ ಪಿಯಾಜಿಯೊ ಸಂಸ್ಥೆಯು ಇದನ್ನು ಕೊಂಡುಕೊಂಡಿತು. 2007ರಲ್ಲಿ ಮಿಲಾನಿನ ಪ್ರದರ್ಶನದಲ್ಲಿ ‘ವಿ-7 ಕ್ಲಾಸಿಕ್’ ಎಂಬ ವಾಹನವನ್ನು ತೋರಿಸಿ, ಮರುವರ್ಷ ಮಾರಾಟಕ್ಕೆ ತಂದರು. ಬಿಳಿಯ ಬಣ್ಣ, ಅದೇ ತಂತಿಯ ಕಡ್ಡಿಗಳ ಚಕ್ರ, ಅದೇ ಹೊಳೆಯುವ ಹೊಗೆಕೊಳವೆಗಳು. 744 ಘನ ಸೆಂಟಿಮೀಟರಿನ ಯಂತ್ರ. ಸುಮಾರು 48 ಅಶ್ವಶಕ್ತಿ.

ಇನ್ನು ಇದರ ಪ್ರಿಯರ ಅಭಿಪ್ರಾಯಗಳಿಗೆ ಬರೋಣ. ಹೊಗಳುವವರು ಮೊದಲು ಹೇಳುವುದು ಇದರ ಸೌಮ್ಯತೆಯನ್ನು. ಆಸನವು ಎತ್ತರವಲ್ಲ, ಭಾರವು ಮಿತವಾಗಿದೆ. ಸರೋವರದ ಅಂಚಿನ ತಿರುವುಗಳಲ್ಲಿ ಮನಸ್ಸು ಹೋದತ್ತ ವಾಹನವೂ ಹೋಗುವುದೆಂದು ಅವರ ಅನುಭವ. ಚೈನಿಲ್ಲದುದರಿಂದ ಎಣ್ಣೆ ಹಚ್ಚುವ, ಬಿಗಿಮಾಡುವ ಚಿಂತೆಯಿಲ್ಲ. ಸಿಲಿಂಡರುಗಳ ತಲೆಗಳು ಹೊರಗೇ ಚಾಚಿರುವುದರಿಂದ ವಾಲ್ವುಗಳನ್ನು ಮನೆಯ ಅಂಗಳದಲ್ಲಿಯೇ ಸರಿಪಡಿಸಿಕೊಳ್ಳಬಹುದು. ನಿಂತಾಗ ಯಂತ್ರದ ವೇಗವನ್ನು ಹೆಚ್ಚಿಸಿದರೆ ಗಾಡಿಯು ಒಂದು ಪಕ್ಕಕ್ಕೆ ಮೆಲ್ಲನೆ ವಾಲುವುದು. ಯಂತ್ರದ ಮುಖ್ಯದಂಡವು ವಾಹನದ ಉದ್ದಕ್ಕೆ ಇರುವುದೇ ಇದಕ್ಕೆ ಕಾರಣ. ಇತರರು ದೋಷವೆನ್ನಬಹುದಾದ ಈ ವಾಲುವಿಕೆಯನ್ನು ಗುಟ್ಸಿಪ್ರಿಯರು ಅಕ್ಕರೆಯಿಂದ ವರ್ಣಿಸುವರು. ಕಟ್ಟಿದ ಕುದುರೆಯು ಮೈಕೊಡಹಿದಂತೆ ಅವರಿಗೆ ತೋರುವುದು.

ಪ್ರತಿಪಕ್ಷದವರ ವಾದವೂ ದುರ್ಬಲವಲ್ಲ. ಇಷ್ಟು ಬೆಲೆಗೆ ಇದರ ಎರಡರಷ್ಟು ಶಕ್ತಿಯುಳ್ಳ ಗಾಡಿಗಳು ದೊರೆಯುವುವು ಎಂಬುದು ಒಂದು. ಲೋಹವಿರಬೇಕಾದೆಡೆ ಪ್ಲಾಸ್ಟಿಕ್ಕು ಇದ್ದಿತು ಎಂಬುದು ಇನ್ನೊಂದು. ಮೊದಲ ವರ್ಷಗಳಲ್ಲಿ ಪೆಟ್ರೋಲ್ ಟ್ಯಾಂಕೇ ಪ್ಲಾಸ್ಟಿಕ್ಕಿನದು. 2012ರಲ್ಲಿ ಲೋಹದ ಟ್ಯಾಂಕನ್ನು ಕೊಟ್ಟು ಈ ಆಕ್ಷೇಪವನ್ನು ಪರಿಹರಿಸಿದರು. ಮೂರನೆಯದು ವಂಶದ ಪ್ರಶ್ನೆ. ನನ್ನ ಮಟ್ಟಿಗೆ ಇದೇ ಮುಖ್ಯವಾದುದು. ಹೊಸ ವಿ-7ರ ಯಂತ್ರವು ಕಾರ್ಕಾನೊವಿನ ಯಂತ್ರದ ಸಂತಾನವಲ್ಲ; ಲೀನೊ ಟಾಂಟಿ ಎಂಬ ಮತ್ತೊಬ್ಬ ಇಂಜಿನಿಯರನು 1970ರ ದಶಕದಲ್ಲಿ ರಚಿಸಿದ ಸಣ್ಣ ಯಂತ್ರಗಳ ಪರಂಪರೆಯದು. ಹೆಸರು ಅಜ್ಜನದು, ರಕ್ತವು ಚಿಕ್ಕಜ್ಜನದು! ಇದನ್ನು ಹೇಗೆ ವಿ-7 ಎನ್ನುವುದು ಎಂದು ಅವರ ಆಕ್ಷೇಪಣೆ.

ಆದರೆ ಆಲೋಚಿಸಬೇಕಾದ ಅಂಶವೊಂದುಂಟು. 1967ರ ವಿ-7 ತಾನೇ ಗುಟ್ಸಿಯ ಮೂಲಯಂತ್ರಕ್ಕೆ ಏನಾಗಬೇಕು? ಮಲಗಿದ ಒಂದು ಸಿಲಿಂಡರಿಗೂ ಚಾಚಿದ ಎರಡು ಸಿಲಿಂಡರುಗಳಿಗೂ ರೂಪದಲ್ಲಿ ಸಾಮ್ಯವಿಲ್ಲ. ಇಂದು ನಾವು ಪ್ರಾಚೀನವೆಂದು ಪೂಜಿಸುವುದು ಅಂದು ನವೀನವಾಗಿದ್ದಿತು. ಹೀಗಿರಲು, ಪರಂಪರೆಯು ಯಂತ್ರದ ಆಕಾರದಲ್ಲಿಯೇ ಇರುವುದೆಂದು ಸಾಧಿಸುವುದು ಕಷ್ಟ. ಮತ್ತೆ ಎಲ್ಲಿದೆ?

ಇದಕ್ಕೆ ಉತ್ತರವು ನನಗೆ ದೊರೆತುದು ನಮ್ಮ ಮೈಸೂರಿನಲ್ಲಿ. 1961ರಲ್ಲಿ ಆರಂಭವಾದ ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿಹೋಯಿತು. ಅಲ್ಲಿ ತಯಾರಾದ ಒಂದು ಯೆಜ್ಡಿಯಮೇಲೆ ನಾನು ಹದಿನಾಲ್ಕು ವರ್ಷ ಪಾಠಶಾಲೆಗೆ ಹೋಗಿಬಂದೆನು. ಅದರ ಶಬ್ದವನ್ನು ಕೇಳಿಯೇ ಹುಡುಗರು ಪುಸ್ತಕ ತೆರೆಯುತ್ತಿದ್ದರು. ಕಾರ್ಖಾನೆಯು ಮುಚ್ಚಿದ ಮೇಲೆ ಬಿಡಿಭಾಗಗಳನ್ನು ಹುಡುಕಿ ಹುಡುಕಿ ಸೋತು, ಕೊನೆಗೆ ಅದನ್ನು ಮಾರಿಬಿಟ್ಟೆನು. ಜಾವಾ ಹೆಸರು 2018ರಲ್ಲಿಯೂ, ಯೆಜ್ಡಿ ಹೆಸರು 2022ರಲ್ಲಿಯೂ ಮರಳಿ ಬಂದುವು. ಒಂದು ದಿನ ಅಂಗಡಿಗೆ ಹೋಗಿ ಕುಳಿತು ನೋಡಿದೆನು. ಗಾಡಿಯಲ್ಲಿ ಯಾವ ದೋಷವೂ ಕಾಣಲಿಲ್ಲ. ಹಳೆಯದಕ್ಕಿಂತ ಉತ್ತಮವೇ ಇರಬೇಕು. ಆದರೂ ಸುಮ್ಮನೆ ಇಳಿದು ಬಂದೆನು. ಈಗಿನವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನಲ್ಲಿ ಆ ಕೆಲಸವನ್ನು ಕಲಿತ ಕೈಗಳು ಇಪ್ಪತ್ತು ವರ್ಷಗಳ ಹಿಂದೆಯೇ ಚದರಿಹೋಗಿದ್ದುವು. ಬಿಂಬವು ಸುಂದರವಾಗಿತ್ತು, ನಡುವೆ ಕುಂಭವನ್ನು ಕಾಯ್ದವರಿರಲಿಲ್ಲ.

ಮಾಂಡೆಲ್ಲೊವಿನಲ್ಲಿ ಹಾಗಾಗಲಿಲ್ಲ. ಒಡೆಯರು ಬದಲಾದರೂ, ಲಾಭನಷ್ಟಗಳು ಬಂದುಹೋದರೂ, 1921ರಿಂದ ಅದೇ ಊರಿನಲ್ಲಿ ಕೆಲಸವು ನಡೆದೇ ಇದೆ. 2021ರಲ್ಲಿ ನೂರು ವರ್ಷ ತುಂಬಿದಾಗ ವಿ-7ಕ್ಕೆ 853 ಘನ ಸೆಂಟಿಮೀಟರಿನ, 65 ಅಶ್ವಶಕ್ತಿಯ ಯಂತ್ರವನ್ನು ಕೊಟ್ಟರು. ಹಿರಿಯನು ಕಿರಿಯನಿಗೆ ಕೆಲಸವನ್ನು ಕೈಯಿಂದ ಕೈಗೆ ಕೊಡುತ್ತ ಬಂದುದೇ ಅಲ್ಲಿಯ ಕುಂಭಜಲ. ಪರಂಪರೆಯಿರುವುದು ಅಲ್ಲಿಯೇ ಎಂದು ನನ್ನ ಮತ. ಪಾಠಶಾಲೆಯೂ ಹೀಗೆಯೇ ಅಲ್ಲವೆ? ಕಟ್ಟಡವನ್ನು ಕೆಡವಿ ಕಟ್ಟಬಹುದು. ಉಪಾಧ್ಯಾಯರ ಸಾಲು ಕಡಿದರೆ ಉಳಿಯುವುದು ಹೆಸರು ಮಾತ್ರ.

ಸೋದರಳಿಯನಿಗೆ ಹೀಗೆ ಬರೆದಿರುವೆನು: “ಚಿರಂಜೀವಿ, ವೇಗಕ್ಕಾಗಿ ಕೊಳ್ಳುವೆಯಾದರೆ ಬೇಡ, ಅದು ಇದರಲ್ಲಿಲ್ಲ. ನಾಲ್ವರ ಮುಂದೆ ಮೆರೆಯುವುದಕ್ಕಾದರೆ ಮೊದಲೇ ಬೇಡ. ಚೆನ್ನಾಗಿ ಮಾಡಿದ ವಸ್ತುವನ್ನು ಇಪ್ಪತ್ತು ವರ್ಷ ಚೆನ್ನಾಗಿ ನೋಡಿಕೊಳ್ಳುವೆನೆಂಬ ಸಂಕಲ್ಪವಿದ್ದರೆ ಕೊಂಡುಕೊ. ಕೊಳ್ಳುವ ಮೊದಲು ಒಂದು ದಿನ ಮಾಂಡೆಲ್ಲೊವಿಗೆ ರೈಲಿನಲ್ಲಿ ಹೋಗಿ, ಅದು ಹುಟ್ಟುವ ಊರನ್ನು ಕಂಡು ಬಾ. ಶಿರಸ್ತ್ರಾಣವಿಲ್ಲದೆ ಹತ್ತಬೇಡ. ಪ್ರತಿ ಭಾನುವಾರ ತಾಯಿಗೆ ಮಾತನಾಡುವುದನ್ನು ತಪ್ಪಿಸಬೇಡ. ಅವಳ ಭಯವು ಬೆಲೆಯ ವಿಷಯದ್ದಲ್ಲ.”

ಪತ್ರವನ್ನು ತಂಗಿಗೆ ಓದಿ ಹೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಅಣ್ಣಾ, ಆ ಬಿಳಿಯ ಬಣ್ಣದ್ದನ್ನೇ ಕೊಳ್ಳಲಿ, ಕತ್ತಲಲ್ಲಿ ಎದುರಿನವರಿಗೆ ಕಾಣುತ್ತದೆ” ಎಂದಳು. ಅದನ್ನೂ ಪತ್ರದ ಕೊನೆಯಲ್ಲಿ ಸೇರಿಸಿರುವೆನು.