ಹಾರ ಹಾಕಿ ಕಳಿಸಿದ್ದಾಯ್ತು, ಕುರ್ಚಿಗೆ ಯಾರು?

"ಎಲ್ಲಿಗಪ್ಪಾ ಬೆಳಬೆಳಿಗ್ಗೆ ಸವಾರಿ?" ಎಂದು ಹೊಂಗನೂರಿನಲ್ಲಿ ಬಸ್ಸಿಗೆ ಕಾದು ನಿಂತ ಹುಡುಗನನ್ನು ಕೇಳಿ ನೋಡಿ. "ಜ್ಞಾನಭಾರತಿಗೆ ಕಣಣ್ಣಾ, ಎಂ.ಎ. ಸೇರ್ಕಂಡಿವ್ನಿ" ಅಂದಾನು. ಚನ್ನಪಟ್ಟಣದಲ್ಲಿ ರೈಲು ಹತ್ತಿ ರಾಮನಗರ, ಬಿಡದಿ, ಕೆಂಗೇರಿ ದಾಟಿದರೆ ಜ್ಞಾನಭಾರತಿ ನಿಲ್ದಾಣ ಬಂದೇಬಿಟ್ಟಿತು. ಹುಡುಗ ಹೋಗುತ್ತಾನೆ, ಸರಿ. ಅಲ್ಲಿ ಪಾಠ ಹೇಳೋಕೆ ಯಾರಿದ್ದಾರೆ ಸ್ವಾಮಿ?

ಹಳೆಯ ಕಥೆ ಸ್ವಲ್ಪ ಕೇಳಿ. ಬೆಂಗಳೂರು ವಿಶ್ವವಿದ್ಯಾಲಯ ಶುರುವಾದದ್ದು 1964ರಲ್ಲಿ. 1966ರಲ್ಲಿ ಹೈದರಾಬಾದಿನ ಉಸ್ಮಾನಿಯಾದಿಂದ ಜಿ.ಎಸ್. ಶಿವರುದ್ರಪ್ಪನವರು ಇಲ್ಲಿನ ಕನ್ನಡ ವಿಭಾಗಕ್ಕೆ ಬಂದರು. ಬಂದವರು ಎರಡು ದಶಕದ ಹತ್ತಿರ ಅಲ್ಲೇ ನಿಂತರು, ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದರು.

ಆ ಕಾಲದಲ್ಲೇ ನಮ್ಮ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಹುಡುಗನೊಬ್ಬ ಆ ಬಾಗಿಲಲ್ಲಿ ವಿದ್ಯಾರ್ಥಿಯಾಗಿ ಹೊಕ್ಕ. ಅವರೇ ಸಿದ್ಧಲಿಂಗಯ್ಯ. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು, ನಾಡೇ ತಿರುಗಿ ನೋಡಿತು. ಮುಂದೆ ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ತಾನು ಕೂತು ಪಾಠ ಕೇಳಿದ ವಿಭಾಗದಲ್ಲೇ ಮೇಷ್ಟ್ರಾದರು, ಮುಖ್ಯಸ್ಥರೂ ಆದರು. ಮೇಷ್ಟ್ರು ನಿಂತರು, ಹುಡುಗ ಬೆಳೆದ. ಲೆಕ್ಕ ಇಷ್ಟೇ.

ಹೋಗುವವರನ್ನು ತಡೆಯಲು ಯಾರಿಂದಲೂ ಆಗದು. ಅಲ್ಲಿ ಪಾಠ ಹೇಳಿದ ಡಿ.ಆರ್. ನಾಗರಾಜ್ 1998ರಲ್ಲಿ, ಇನ್ನೂ 44ರ ವಯಸ್ಸಿನಲ್ಲಿ ಹೋದರು. ಕಿ.ರಂ. ನಾಗರಾಜ 2010ರಲ್ಲಿ, ಶಿವರುದ್ರಪ್ಪನವರು 2013ರಲ್ಲಿ ಹೋದರು. ಸಿದ್ಧಲಿಂಗಯ್ಯನವರನ್ನು 2021ರ ಜೂನ್ 11ರಂದು ಕೊರೋನಾ ಕೊಂಡೊಯ್ದಿತು.

ಸಾವು ವಿಧಿಯಾಟ ಅನ್ನಿ. ಆದರೆ 62 ತುಂಬಿದೊಡನೆ ನಿವೃತ್ತಿ ಎಂಬುದು ಸರ್ಕಾರಕ್ಕೆ ಮೊದಲೇ ಗೊತ್ತಿರುವ ತಾರೀಖು ತಾನೆ? ಶಾಲು, ಹಾರ, ಫೋಟೋ ಎಲ್ಲ ಹೊತ್ತಿಗೆ ಸರಿಯಾಗಿ ಬರುತ್ತದೆ; ಕುರ್ಚಿಗೆ ಹೊಸಬರು ಮಾತ್ರ ಬರುವುದಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಬಿದ್ದ ಬೋಧಕ ಹುದ್ದೆಗಳು ಬೇಕಾದಷ್ಟಿವೆ. ತರಗತಿ ನಡೆಸುತ್ತಿರುವವರು ಅತಿಥಿ ಉಪನ್ಯಾಸಕರು. ಪಾಪ, ವರ್ಷವರ್ಷವೂ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾದು ಕೂರುವ ಪಾಡು ಅವರದು.

ಓದುಗರು ಗಮನಿಸಬೇಕಾದ ಮಾತು ಇನ್ನೊಂದಿದೆ. ಯು.ಜಿ.ಸಿ. ನಿಯಮದ ಪ್ರಕಾರ ಪಿಎಚ್.ಡಿ.ಗೆ ಮಾರ್ಗದರ್ಶನ ಮಾಡಲು ಕಾಯಂ ಅಧ್ಯಾಪಕರೇ ಆಗಬೇಕು. ಒಬ್ಬ ಪ್ರಾಧ್ಯಾಪಕರ ಕೈಕೆಳಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳವರೆಗೆ ಅವಕಾಶ. ನಿವೃತ್ತಿಗೆ ಮೂರು ವರ್ಷದೊಳಗೆ ಬಂದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ ಎಂದು 2022ರ ನಿಯಮ ಹೇಳುತ್ತದೆ. ಅಂದರೆ ಮೇಷ್ಟ್ರ ಕೊರಳಿಗೆ ಹಾರ ಬೀಳುವ ಮೂರು ವರ್ಷ ಮುಂಚೆಯೇ ಹುಡುಗರಿಗೆ ಬಾಗಿಲು ಮುಚ್ಚಿತು! ಒಂದು ಕುರ್ಚಿ ಖಾಲಿಯಾದರೆ ಎಂಟು ಜನರ ದಾರಿ ಬಂದ್.

ಮಂಚನಬೆಲೆಯಿಂದ ಒಬ್ಬರು ಬಂದರು. ಹೊಂಗನೂರಿನಿಂದಲೂ ಒಬ್ಬ ಬರಬಹುದು. ಅವನು ಬೆಳಗಿನ ರೈಲಿಗೆ ಹೊತ್ತಿಗೆ ಸರಿಯಾಗಿಯೇ ಹೋಗುತ್ತಿದ್ದಾನೆ. ತಡವಾಗಿರುವುದು ಸರ್ಕಾರದ ನೇಮಕಾತಿ ಆದೇಶ. ಬೀಳ್ಕೊಡುಗೆಗೆ ಹಾರ ಹಿಡಿದು ಬರುವ ದೊಡ್ಡವರು ಮುಂದಿನ ಸಲ ಇನ್ನೊಂದು ಕೈಯಲ್ಲಿ ಆ ಕಾಗದವನ್ನೂ ಹಿಡಿದು ಬರಲಿ.